ಸೆಲ್ ಸೊರಗಿದಾಗ ಹೆಚ್ಚು ಕೇಳುವ ಚಿಪ್

ಸೌರದೀಪಗಳಲ್ಲಿ, ಹೊಲದ ತೇವ ಅಳೆದು ಸಂದೇಶ ಕಳಿಸುವ ಪುಟ್ಟ ಪೆಟ್ಟಿಗೆಗಳಲ್ಲಿ ಈಚೆಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನೆಲೆಯೂರಿದೆ. ಬಿಸಿಲಿಗೆ ಬೇಗ ಕೆಡದು, ಬೆಂಕಿ ಹೊತ್ತುವ ಭಯ ಕಡಿಮೆ, ಸಾವಿರಕ್ಕೂ ಹೆಚ್ಚು ಸಲ ತುಂಬಿ ಬರಿದು ಮಾಡಬಹುದು. ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 3.65, ಬರಿದಾದಾಗ 2.5. ಅದೇ ಪೆಟ್ಟಿಗೆಯೊಳಗಿನ ಮೈಕ್ರೊಕಂಟ್ರೋಲರ್, ಸೆನ್ಸರ್, ರೇಡಿಯೊಗಳಿಗೆ ಬೇಕಾದದ್ದು 3.3 ವೋಲ್ಟ್. ಅಂದರೆ ಸಂಜೆ, ತುಂಬಿದ ಸೆಲ್‌ನ ವೋಲ್ಟೇಜನ್ನು ಇಳಿಸಿ ಕೊಡಬೇಕು. ಬೆಳಗಿನ ಜಾವ, ಬಳಲಿದ ಸೆಲ್‌ನ ವೋಲ್ಟೇಜನ್ನು ಏರಿಸಿ ಕೊಡಬೇಕು. ಇಳಿಸುವುದು ಬಕ್, ಏರಿಸುವುದು ಬೂಸ್ಟ್. ಯಾವಾಗ ಯಾವುದು ಬೇಕೆಂದು ತಾನೇ ನೋಡಿಕೊಂಡು ಎರಡೂ ಕೆಲಸ ಮಾಡುವ ಚಿಪ್ ಬಕ್-ಬೂಸ್ಟ್ ಕನ್ವರ್ಟರ್.

ಇಂಥ ಚಿಪ್‌ಗಳು ಹಲವಿವೆ. ಮಾತಿಗೊಂದು ನೆಲೆ ಬೇಕೆಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್63020 ಎಂಬುದನ್ನು ಇಲ್ಲಿ ಹಿಡಿದಿದ್ದೇನೆ. 1985ರಿಂದ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ಇಟ್ಟುಕೊಂಡಿರುವ ಕಂಪನಿ ಅದು. ಚಿಪ್‌ನ ಅಳತೆ ಮೂರು ಮಿಲಿಮೀಟರ್‌ಗೆ ನಾಲ್ಕು, ಕಡಲೆಬೇಳೆಗಿಂತ ದೊಡ್ಡದಲ್ಲ. ಒಳಬರುವ ವೋಲ್ಟೇಜ್ 1.8ರಿಂದ 5.5ರ ನಡುವೆ ಎಷ್ಟಿದ್ದರೂ ನಡೆಯುತ್ತದೆ. ಹೊರಹೋಗುವುದನ್ನು 1.2ರಿಂದ 5.5ರೊಳಗೆ ನಾವು ಬಯಸಿದಲ್ಲಿ ನಿಲ್ಲಿಸಬಹುದು. ಒಳಗಿನ ಸ್ವಿಚ್‌ಗಳು ಸೆಕೆಂಡಿಗೆ 24 ಲಕ್ಷ ಸಲ ತೆರೆದು ಮುಚ್ಚುತ್ತವೆ, ಸುಮಾರು 4 ಆಂಪಿಯರ್‌ವರೆಗೆ ತಾಳುತ್ತವೆ. ದಕ್ಷತೆ ಹೆಚ್ಚೆಂದರೆ ಶೇ 96.

ಈ ಅಂಕಿಗಳೆಲ್ಲ ಕಂಪನಿ ಕೊಡುವ ಡೇಟಾಶೀಟ್‌ನ ಮೊದಲ ಪುಟದಲ್ಲೇ ಇವೆ. ಅವನ್ನಷ್ಟೇ ಓದಿ ಬೋರ್ಡ್ ಮಾಡಿದರೆ ಮೇಜಿನ ಮೇಲೆ ಅದು ಚೆನ್ನಾಗಿಯೇ ಓಡುತ್ತದೆ. ಹೊಲಕ್ಕೆ ಹೋದ ಕೆಲವು ತಿಂಗಳ ಮೇಲೆ, ಮೋಡ ಕವಿದ ಒಂದು ಬೆಳಗಿನ ಜಾವ ನಿಂತುಹೋಗುತ್ತದೆ. ಕಾರಣ ಸರಳ. ಈ ಚಿಪ್ ಯಾವಾಗಲೂ ಒಂದೇ ಪ್ರಮಾಣದ ಶಕ್ತಿ ಕೊಡಲು ಬದ್ಧ. ಹಾಗಾಗಿ ಸೆಲ್ ಸೊರಗಿದಷ್ಟೂ ಅದರಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಸೆಲ್‌ಗೆ ಕೊಡಲು ತ್ರಾಣ ಇಲ್ಲದ ಹೊತ್ತಿನಲ್ಲೇ ಇದರ ಬೇಡಿಕೆ ಅತಿ ಹೆಚ್ಚು. ಆದ್ದರಿಂದ ವಿನ್ಯಾಸವನ್ನು ತುಂಬಿದ ಸೆಲ್‌ನಿಂದ ಆರಂಭಿಸಿ ಕೆಳಗಿಳಿಯುವುದು ತಪ್ಪು ದಾರಿ. ಅತಿ ಕಡಿಮೆ ವೋಲ್ಟೇಜ್, ಅತಿ ಹೆಚ್ಚು ಹೊರೆ, ಆಗಷ್ಟೇ ಚಾಲೂ ಆಗುತ್ತಿರುವ ಸರ್ಕ್ಯೂಟ್, ಈ ಮೂರೂ ಸೇರುವ ಗಳಿಗೆಯಿಂದ ಲೆಕ್ಕ ಶುರುವಾಗಬೇಕು.

ಮೊದಲು ಒಳಗಿನ ಕೆಲಸ ನೋಡೋಣ. ಚಿಪ್‌ನಲ್ಲಿ ನಾಲ್ಕು ಮಾಸ್‌ಫೆಟ್ ಸ್ವಿಚ್‌ಗಳಿವೆ, ಎರಡು ಒಳಬರುವ ಎಡಬದಿಗೆ, ಎರಡು ಹೊರಹೋಗುವ ಬಲಬದಿಗೆ. ಪ್ರತಿ ಜೋಡಿಯಲ್ಲೂ ಒಂದು ಮೇಲಿನ ಸ್ವಿಚ್, ಒಂದು ಗ್ರೌಂಡ್‌ಗೆ ಸೇರುವ ಕೆಳಗಿನ ಸ್ವಿಚ್. ಎರಡು ಜೋಡಿಗಳ ನಡುವೆ, ಚಿಪ್‌ನ ಹೊರಗೆ, ಒಂದೇ ಒಂದು ಇಂಡಕ್ಟರ್. ಅದು ಸುತ್ತಿದ ತಂತಿ, ಒಳಗೊಂದು ಕಾಂತೀಯ ತಿರುಳು, ಅಷ್ಟೇ. ತನ್ನಲ್ಲಿ ಹರಿಯುವ ಕರೆಂಟ್ ಏಕಾಏಕಿ ಬದಲಾಗಲು ಬಿಡದಿರುವುದು ಅದರ ಗುಣ. ಕುಂಬಾರ ಕೋಲಿನಿಂದ ಆಗಾಗ ತಿರುವಿದರೂ ತಿಗರಿ ಸಮನಾಗಿ ಸುತ್ತುತ್ತ ಮಣ್ಣಿಗೆ ರೂಪ ಕೊಡುತ್ತದಲ್ಲ, ಹಾಗೆಯೇ ಸ್ವಿಚ್‌ಗಳು ಬಿಟ್ಟುಬಿಟ್ಟು ನೂಕಿದರೂ ಇಂಡಕ್ಟರ್‌ನ ಕರೆಂಟ್ ಹೆಚ್ಚುಕಡಿಮೆ ಒಂದೇ ಸಮ ಹರಿಯುತ್ತದೆ.

ವೋಲ್ಟೇಜ್ ಇಳಿಸಬೇಕಾದಾಗ ಬಲಬದಿಯ ಮೇಲಿನ ಸ್ವಿಚ್ ಸದಾ ಮುಚ್ಚಿರುತ್ತದೆ, ಎಡಬದಿಯ ಜೋಡಿ ಮಾತ್ರ ಕುಣಿಯುತ್ತದೆ. ಇಂಡಕ್ಟರ್‌ನ ಎಡತುದಿ ಒಮ್ಮೆ ಸೆಲ್‌ಗೆ, ಒಮ್ಮೆ ಗ್ರೌಂಡ್‌ಗೆ ತಗಲುತ್ತದೆ. ಸೆಲ್‌ಗೆ ತಗಲಿರುವ ಸಮಯದ ಪಾಲು ಎಷ್ಟೋ, ಹೊರಗಿನ ವೋಲ್ಟೇಜ್ ಒಳಗಿನದರ ಅಷ್ಟು ಪಾಲು. ಏರಿಸಬೇಕಾದಾಗ ಪಾತ್ರಗಳು ಅದಲುಬದಲು. ಎಡಬದಿಯ ಮೇಲಿನ ಸ್ವಿಚ್ ಸದಾ ಮುಚ್ಚಿರುತ್ತದೆ, ಬಲಬದಿಯ ಜೋಡಿ ಕುಣಿಯುತ್ತದೆ. ಬಲತುದಿ ಗ್ರೌಂಡ್‌ಗೆ ತಗಲಿದಾಗ ಇಂಡಕ್ಟರ್‌ನಲ್ಲಿ ಕರೆಂಟ್ ಬೆಳೆಯುತ್ತದೆ. ಅಲ್ಲಿಂದ ಬಿಡಿಸಿ ಹೊರದಾರಿಗೆ ತಿರುಗಿಸಿದಾಗ, ನಿಲ್ಲಲೊಲ್ಲದ ಆ ಕರೆಂಟ್ ಸೆಲ್‌ನ ವೋಲ್ಟೇಜಿನ ಮೇಲೆ ತನ್ನದನ್ನೂ ಸೇರಿಸಿಕೊಂಡು ಹೊರಗಿನ ಕೆಪಾಸಿಟರ್‌ಗೆ ನುಗ್ಗುತ್ತದೆ.

ನಾಲ್ಕೂ ಸ್ವಿಚ್‌ಗಳನ್ನು ಪ್ರತಿ ಸುತ್ತಿನಲ್ಲೂ ಕುಣಿಸಿದರೆ ಏರಿಸುವ, ಇಳಿಸುವ ಎರಡೂ ಕೆಲಸ ಒಂದೇ ಸೂತ್ರದಲ್ಲಿ ಮುಗಿಯುತ್ತದೆ. ಹಳೆಯ ಪಠ್ಯಪುಸ್ತಕಗಳ ಬಕ್-ಬೂಸ್ಟ್ ಹಾಗೆಯೇ. ಆದರೆ ಪ್ರತಿ ಸ್ವಿಚ್ಚೂ ತೆರೆದು ಮುಚ್ಚುವಾಗ ಒಂದಿಷ್ಟು ಶಕ್ತಿ ಶಾಖವಾಗಿ ಸೋರುತ್ತದೆ, ಇಂಡಕ್ಟರ್‌ನ ಕರೆಂಟ್ ಕೂಡ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ. ಅದಕ್ಕೇ ಈ ಚಿಪ್ ಒಂದು ಸುತ್ತಿನಲ್ಲಿ ಒಂದೇ ಬದಿಯ ಜೋಡಿಯನ್ನು ಕುಣಿಸುತ್ತದೆ. ಒಳಗಿನ ವೋಲ್ಟೇಜ್ ಹೊರಗಿನದಕ್ಕೆ ತೀರ ಹತ್ತಿರ ಬಂದಾಗ ಮಾತ್ರ ಒಂದು ಸುತ್ತು ಬಕ್, ಇನ್ನೊಂದು ಬೂಸ್ಟ್ ಎಂಬಂತೆ ಅತ್ತಿತ್ತ ವಾಲುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ 3.65ರಿಂದ 2.5ಕ್ಕೆ ನೇರ ಇಳಿಜಾರಿನಲ್ಲಿ ಇಳಿಯುವುದಿಲ್ಲ. ತುಂಬಿದ ಕೂಡಲೇ 3.3ರ ಸುತ್ತಮುತ್ತ ಬಂದು, ಬಹುಪಾಲು ಚಾರ್ಜ್ ಮುಗಿಯುವವರೆಗೆ 3.2, 3.3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೊನೆಗೆ ಬಂಡೆಯಂಚಿನಿಂದ ಬಿದ್ದಂತೆ ಕುಸಿಯುತ್ತದೆ. ಅಂದರೆ 3.3 ವೋಲ್ಟ್ ಕೊಡುವ ಚಿಪ್ ತನ್ನ ಆಯುಷ್ಯದ ಬಹುಭಾಗ ಕಳೆಯುವುದು ಬಕ್ಕೂ ಅಲ್ಲದ, ಬೂಸ್ಟೂ ಅಲ್ಲದ ಆ ನಡುಗಡ್ಡೆಯಲ್ಲಿ. ಹೊರಗಿನ ವೋಲ್ಟೇಜಿನ ಅಲೆಯಾಟ ಹೆಚ್ಚಾಗುವುದೂ ಅಲ್ಲಿಯೇ. ಡೇಟಾಶೀಟ್‌ನಲ್ಲಿ ಒಳಗಿನ ವೋಲ್ಟೇಜಿಗೆ ಎದುರಾಗಿ ದಕ್ಷತೆಯ ಗೆರೆ ಎಳೆದ ಚಿತ್ರವಿದ್ದರೆ, ಶಿಖರವನ್ನು ಬಿಟ್ಟು ಈ ನಡುಭಾಗವನ್ನು ನೋಡಿ. ನಮ್ಮ ಸೆಲ್‌ಗೆ ಸಂಬಂಧಪಟ್ಟ ಅಂಕಿ ಅಲ್ಲಿದೆ.

ಇಷ್ಟೆಲ್ಲ ತಾಪತ್ರಯ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊಬೈಲ್‌ನಲ್ಲಿರುವಂಥ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಇದ್ದರೆ, ಹೊರೆಯೂ ಹಗುರವಾಗಿದ್ದರೆ, ನಾನು ಬಕ್-ಬೂಸ್ಟ್ ಬೇಡ ಎನ್ನುತ್ತೇನೆ. ಆ ಸೆಲ್ 4.2ರಿಂದ 3.0ವರೆಗೆ ಇಳಿಯುತ್ತದೆ, ಹಗುರ ಹೊರೆಯಲ್ಲಿ ಅದರ ಬಹುಪಾಲು ಶಕ್ತಿ 3.4ಕ್ಕಿಂತ ಮೇಲೆಯೇ ಇರುತ್ತದೆ. ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಚೆಲ್ಲುವ ಸಾದಾ ಲೀನಿಯರ್ ರೆಗ್ಯುಲೇಟರ್ ಕೂಡ 3.7 ವೋಲ್ಟ್‌ನಿಂದ 3.3 ಕೊಡುವಾಗ ಶೇ 89ರಷ್ಟು ದಕ್ಷ. ಲೀನಿಯರ್ ಎಂದರೆ ಯಾವಾಗಲೂ ದುಂದು ಎಂಬುದು 12 ವೋಲ್ಟ್‌ನಿಂದ 3.3ಕ್ಕೆ ಇಳಿಸುವವರ ಮಾತು, ಅಲ್ಲಿ ದಕ್ಷತೆ ಶೇ 27.5ಕ್ಕೆ ಬೀಳುತ್ತದೆ. ಆದರೆ ಐರನ್ ಫಾಸ್ಫೇಟ್ ಸೆಲ್‌ಗೆ ಈ ಸುಲಭದ ದಾರಿ ಇಲ್ಲ. 3.3 ಅದರ ವ್ಯಾಪ್ತಿಯ ಒಳಗೇ ಕುಳಿತಿದೆ. ಪೆನ್ ಟಾರ್ಚಿನ ಮೂರು ಸೆಲ್‌ಗಳ ಸಾಲಿಗೂ ಇದೇ ಮಾತು: ಹೊಸತರಲ್ಲಿ 4.8ರ ಹತ್ತಿರ, ಮುಗಿಯುವಾಗ 2.7.

ಈಗ ಲೆಕ್ಕಕ್ಕೆ ಬರೋಣ. 3.3 ವೋಲ್ಟ್‌ನಲ್ಲಿ 1 ಆಂಪಿಯರ್ ಬೇಕು ಎಂದುಕೊಳ್ಳಿ, ಅಂದರೆ 3.3 ವ್ಯಾಟ್. ದಕ್ಷತೆ ಶೇ 90 ಎಂದು ಹಿಡಿದರೆ ಸೆಲ್‌ನಿಂದ ಎಳೆಯಬೇಕಾದದ್ದು 3.67 ವ್ಯಾಟ್. ಸೆಲ್ 3.65ರಲ್ಲಿದ್ದಾಗ ಅದು ಸುಮಾರು 1 ಆಂಪಿಯರ್. 2.5ಕ್ಕೆ ಇಳಿದಾಗ 1.47. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ, ಚಿಪ್ 4 ಆಂಪಿಯರ್ ತಾಳುತ್ತದೆ.

ಆದರೆ ಸೆಲ್‌ಗೂ ಚಿಪ್‌ಗೂ ನಡುವೆ ತಂತಿ ಇದೆ, ಸೆಲ್ ಹೋಲ್ಡರ್‌ನ ಸ್ಪ್ರಿಂಗ್ ಇದೆ, ಕನೆಕ್ಟರ್ ಇದೆ, ಫ್ಯೂಸ್ ಇದೆ, ರಕ್ಷಣಾ ಸರ್ಕ್ಯೂಟ್‌ನ ಮಾಸ್‌ಫೆಟ್ ಇದೆ. ಸೆಲ್‌ಗೆ ತನ್ನದೇ ಒಳತಡೆ ಇದೆ. ವಯಸ್ಸಾದಂತೆ, ಚಳಿಯಾದಂತೆ ಅದು ಬೆಳೆಯುತ್ತದೆ. ಎಲ್ಲ ಸೇರಿ 0.2 ಓಮ್ ಇರಲಿ. ಸೆಲ್ 2.5ರಲ್ಲಿರುವಾಗ 1.47 ಆಂಪಿಯರ್ ಹರಿದರೆ ದಾರಿಯಲ್ಲೇ 0.29 ವೋಲ್ಟ್ ಕಳೆದುಹೋಗುತ್ತದೆ. ಚಿಪ್‌ಗೆ ಸಿಗುವ ವೋಲ್ಟೇಜ್ ಕಡಿಮೆಯಾದ್ದರಿಂದ ಅದು ಇನ್ನಷ್ಟು ಎಳೆಯುತ್ತದೆ. ಆಗ ಇನ್ನಷ್ಟು ಕಳೆಯುತ್ತದೆ. ಈ ಹಗ್ಗಜಗ್ಗಾಟ ನಿಲ್ಲುವುದು ಚಿಪ್‌ನ ಬಾಗಿಲಲ್ಲಿ 2.16 ವೋಲ್ಟ್, 1.70 ಆಂಪಿಯರ್ ಇರುವಾಗ. ದಾರಿಯ ತಡೆ 0.3 ಓಮ್ ಆದರೆ ಚಿಪ್‌ಗೆ 1.93 ವೋಲ್ಟ್ ಸಿಗುತ್ತದೆ, ಅದರ ಕೆಳಮಿತಿ 1.8ಕ್ಕೆ ಕೂದಲೆಳೆಯ ಅಂತರ. 0.4 ಓಮ್ ಆದರೆ ಲೆಕ್ಕ 1.56 ವೋಲ್ಟ್ ಎನ್ನುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ಚಿಪ್ ಕೈಚೆಲ್ಲುತ್ತದೆ. ತುಕ್ಕು ಹಿಡಿದ ಒಂದು ಸ್ಪ್ರಿಂಗ್, ಎರಡಡಿ ಸಣ್ಣ ತಂತಿ, ಮೂರು ವರ್ಷದ ಸೆಲ್. 0.4 ಓಮ್‌ಗೆ ಇದಕ್ಕಿಂತ ಹೆಚ್ಚೇನೂ ಬೇಡ.

ಸಾದಾ ರೆಸಿಸ್ಟರ್‌ಗೆ ವೋಲ್ಟೇಜ್ ಕಡಿಮೆ ಮಾಡಿದರೆ ಕರೆಂಟ್ ಕಡಿಮೆಯಾಗುತ್ತದೆ. ಇಲ್ಲಿ ಹೆಚ್ಚುತ್ತದೆ. ಎಂಜಿನಿಯರುಗಳು ಇದನ್ನು ಋಣ ತಡೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ, 2.5 ವೋಲ್ಟ್‌ನಲ್ಲಿ, ಅದು ಸುಮಾರು ಮೈನಸ್ 1.7 ಓಮ್. ಕನ್ವರ್ಟರ್‌ನ ಮುಂದೆ ಒಂದು ಇಂಡಕ್ಟರ್, ಕೆಪಾಸಿಟರ್ ಇಟ್ಟು ಸದ್ದು ಸೋಸಲು ಹೋದರೆ, ಆ ಫಿಲ್ಟರೂ ಈ ಋಣ ತಡೆಯೂ ಸೇರಿ ತಾವೇ ತೂಗಾಡತೊಡಗಬಹುದು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಆರ್. ಡಿ. ಮಿಡಲ್‌ಬ್ರೂಕ್ 1976ರಲ್ಲಿ ಇದನ್ನು ವಿಶ್ಲೇಷಿಸಿ, ಫಿಲ್ಟರ್‌ನ ಇಂಪೀಡೆನ್ಸ್ ಕನ್ವರ್ಟರ್‌ನದಕ್ಕಿಂತ ಸಾಕಷ್ಟು ಕೆಳಗಿರಬೇಕು ಎಂಬ ನಿಯಮ ಕೊಟ್ಟರು. ಅದೇ ವರ್ಷ ಅವರೂ ಸ್ಲೊಬೊಡಾನ್ ಚುಕ್ ಅವರೂ ಸೇರಿ ಇಂಥ ಕನ್ವರ್ಟರ್‌ಗಳನ್ನು ಸರಾಸರಿಯಲ್ಲಿ ಲೆಕ್ಕಿಸುವ ವಿಧಾನವನ್ನು ಪ್ರಕಟಿಸಿದರು. ಇವತ್ತಿನ ಪಾಠಗಳೆಲ್ಲ ಅದರ ಮೇಲೆ ನಿಂತಿವೆ. ಆಳಕ್ಕೆ ಇಳಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ರಾಮನಾರಾಯಣನ್ ಅವರ ಪಾಠ ಟಿಪ್ಪಣಿಗಳೂ ಎಲ್. ಉಮಾನಂದ್ ಅವರ ಎನ್‌ಪಿಟಿಇಎಲ್ ಅಂತರ್ಜಾಲ ಉಪನ್ಯಾಸಗಳೂ ಮನೆಬಾಗಿಲಿನ ನಿಧಿ.

ಲ್ಯಾಬ್‌ನಲ್ಲಿ ಇದೇ ಗುಣ ಇನ್ನೊಂದು ವೇಷದಲ್ಲಿ ಕಾಣಿಸುತ್ತದೆ. ಬೆಂಚ್ ಪವರ್ ಸಪ್ಲೈಯ ಕರೆಂಟ್ ಮಿತಿಯನ್ನು ಜಾಗ್ರತೆಗೆಂದು 1 ಆಂಪಿಯರ್‌ಗೆ ಇಟ್ಟು ಚಿಪ್ ಚಾಲೂ ಮಾಡುತ್ತಾರೆ. ಮಿತಿ ಮುಟ್ಟಿದ ಕ್ಷಣ ಸಪ್ಲೈ ತನ್ನ ವೋಲ್ಟೇಜ್ ಇಳಿಸುತ್ತದೆ, ಚಿಪ್ ಇನ್ನಷ್ಟು ಕೇಳುತ್ತದೆ, ಸಪ್ಲೈ ಇನ್ನಷ್ಟು ಇಳಿಸುತ್ತದೆ. ಕೊನೆಗೆ ಎರಡೂ ನೆಲಕಚ್ಚಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಚಿಪ್ ಕೆಟ್ಟಿದೆ ಎಂದುಕೊಂಡು ಕಿತ್ತು ಹೊಸದನ್ನು ಕೂರಿಸಿದರೆ ಅದೂ ಹಾಗೆಯೇ ಮಾಡುತ್ತದೆ.

ಇಂಡಕ್ಟರ್ ಆರಿಸುವ ಲೆಕ್ಕವೂ ಈ ಕೆಟ್ಟ ಗಳಿಗೆಯಿಂದಲೇ ಹೊರಡಬೇಕು. ಬಕ್ ಆಗಿ ಓಡುವಾಗ ಇಂಡಕ್ಟರ್‌ನಲ್ಲಿ ಹರಿಯುವುದು ಹೊರಗಿನ ಕರೆಂಟ್, ನಮ್ಮಲ್ಲಿ 1 ಆಂಪಿಯರ್. ಬೂಸ್ಟ್ ಆಗಿ ಓಡುವಾಗ ಹರಿಯುವುದು ಸೆಲ್‌ನಿಂದ ಎಳೆದ ಪೂರ್ತಿ ಕರೆಂಟ್. ಚಿಪ್‌ನ ಬಾಗಿಲಲ್ಲಿ 2.5 ವೋಲ್ಟ್ ಇದ್ದರೆ ಸರಾಸರಿ 1.47. ಈ ಚಿಪ್‌ಗೆ ಹೇಳಿರುವ 1.5 ಮೈಕ್ರೊಹೆನ್ರಿ ಇಂಡಕ್ಟರ್‌ನಲ್ಲಿ ಪ್ರತಿ ಸುತ್ತಿನ ಏರಿಳಿತ 0.17 ಆಂಪಿಯರ್, ಹಾಗಾಗಿ ತುದಿ 1.55. ಹೊರೆ 2 ಆಂಪಿಯರ್ ಆದರೆ ತುದಿ 3 ದಾಟುತ್ತದೆ. ತಿರುಳು ಕಾಂತತ್ವದಿಂದ ಪೂರ್ತಿ ತುಂಬಿಹೋದರೆ ಇಂಡಕ್ಟರ್ ಬರಿಯ ತಂತಿಯಾಗಿಬಿಡುತ್ತದೆ, ಕರೆಂಟ್ ಒಮ್ಮೆಲೆ ಚಿಮ್ಮುತ್ತದೆ. ಲೆಕ್ಕದ ತುದಿಗಿಂತ ಕಡೇಪಕ್ಷ ಶೇ 20 ಹೆಚ್ಚು ತಾಳುವುದನ್ನು ಆರಿಸಬೇಕು. ಇಂಡಕ್ಟರ್‌ನ ಪಟ್ಟಿಯಲ್ಲಿ ಎರಡು ಕರೆಂಟ್ ಅಂಕಿಗಳಿರುತ್ತವೆ, ಒಂದು ಬಿಸಿಯೇರುವ ಮಿತಿ, ಇನ್ನೊಂದು ತಿರುಳು ತುಂಬುವ ಮಿತಿ. ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಎರಡರಲ್ಲಿ ದೊಡ್ಡದನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುವ, ಹೆಸರು ವಿಳಾಸವಿಲ್ಲದ ಇಂಡಕ್ಟರ್ ಕೊಂಡರೆ ಎರಡೂ ಗೊತ್ತಾಗುವುದಿಲ್ಲ. ಚಿಪ್‌ನಲ್ಲಿ ಉಳಿಸಲು ಹೋಗಬಾರದು ಎನ್ನುವವರು ಇಂಡಕ್ಟರ್‌ನಲ್ಲೂ ಉಳಿಸಲು ಹೋಗಬಾರದು.

ಇನ್ನು ಬೂಸ್ಟ್‌ನ ಒಂದು ವಿಚಿತ್ರ ಸ್ವಭಾವ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಅನ್ನಿಸುವುದು ಇದೇ. ಹೊರೆ ಹಠಾತ್ತನೆ ಹೆಚ್ಚಿ ಹೊರಗಿನ ವೋಲ್ಟೇಜ್ ಕುಸಿಯಿತು ಎನ್ನಿ. ಚಿಪ್ ಅದನ್ನು ಮೇಲೆತ್ತಬೇಕು, ಅದಕ್ಕೆ ಇಂಡಕ್ಟರ್‌ನಲ್ಲಿ ಹೆಚ್ಚು ಕರೆಂಟ್ ಬೆಳೆಸಬೇಕು. ಬೆಳೆಸಬೇಕೆಂದರೆ ಇಂಡಕ್ಟರ್‌ನ ಬಲತುದಿಯನ್ನು ಗ್ರೌಂಡ್‌ಗೆ ಹೆಚ್ಚು ಹೊತ್ತು ಹಿಡಿದಿಡಬೇಕು. ಆದರೆ ಅಷ್ಟು ಹೊತ್ತೂ ಹೊರದಾರಿಗೆ ಇಂಡಕ್ಟರ್‌ನಿಂದ ಏನೂ ಹೋಗುವುದಿಲ್ಲ! ಹಾಗಾಗಿ ವೋಲ್ಟೇಜ್ ಮೇಲೇಳುವ ಮೊದಲು ಇನ್ನಷ್ಟು ಕೆಳಗಿಳಿಯುತ್ತದೆ. ನಿಯಂತ್ರಣ ಅವಸರ ಪಟ್ಟರೆ, ಇಳಿಯಿತೆಂದು ಇನ್ನಷ್ಟು ಹಿಡಿದಿಟ್ಟು, ಇನ್ನಷ್ಟು ಇಳಿಸಿ, ಸರ್ಕ್ಯೂಟ್ ತೂಗಾಟಕ್ಕೆ ಬೀಳುತ್ತದೆ. ಅದಕ್ಕೆ ಬೂಸ್ಟ್‌ನ ನಿಯಂತ್ರಣವನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಎಷ್ಟು ನಿಧಾನ ಎಂಬುದಕ್ಕೂ ಲೆಕ್ಕವಿದೆ. ನಮ್ಮ ಸರ್ಕ್ಯೂಟ್‌ನಲ್ಲಿ ಈ ಉಲ್ಟಾ ನಡತೆ 2.5 ವೋಲ್ಟ್, 1 ಆಂಪಿಯರ್‌ನಲ್ಲಿ ಸುಮಾರು 200 ಕಿಲೋಹರ್ಟ್ಸ್‌ನಲ್ಲಿ ತಲೆಯೆತ್ತುತ್ತದೆ. ಹೊರೆ ಇಮ್ಮಡಿಯಾದರೆ 100 ಕಿಲೋಹರ್ಟ್ಸ್‌ಗೇ ಬರುತ್ತದೆ. ನಿಯಂತ್ರಣ ಅದಕ್ಕಿಂತ ಸಾಕಷ್ಟು ಕೆಳಗೇ ಉಳಿಯಬೇಕು. ಸೆಲ್ ಇಳಿದಷ್ಟೂ, ಹೊರೆ ಏರಿದಷ್ಟೂ ಚಿಪ್‌ಗೆ ಚುರುಕಾಗಿರಲು ಅವಕಾಶ ಕಡಿಮೆ. ಆ ನಿಧಾನದ ಹೊತ್ತಿನಲ್ಲಿ ಹೊರೆಯನ್ನು ಹೊರುವುದು ಹೊರಗಿನ ಕೆಪಾಸಿಟರ್. ಡೇಟಾಶೀಟ್ ಹೇಳುವ 22 ಮೈಕ್ರೊಫ್ಯಾರಡ್‌ನ ಮೂರು ಕೆಪಾಸಿಟರ್‌ಗಳಲ್ಲಿ ಒಂದನ್ನು ಉಳಿತಾಯಕ್ಕೆಂದು ಕೈಬಿಡುವವರು ಇದನ್ನು ನೆನೆಯಬೇಕು.

ಕೈಬಿಡದಿದ್ದರೂ ಅವು ತಾವಾಗಿಯೇ ಕೈಬಿಡುವುದುಂಟು. ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳ ಸಾಮರ್ಥ್ಯ ಅವುಗಳ ಮೇಲೆ ಹಾಕಿದ ವೋಲ್ಟೇಜಿಗೆ ತಕ್ಕಂತೆ ಕುಗ್ಗುತ್ತದೆ. 6.3 ವೋಲ್ಟ್ ಎಂದು ನಮೂದಿಸಿದ, ಸಾಸಿವೆಗಿಂತ ಒಂಚೂರು ದೊಡ್ಡದಾದ 22 ಮೈಕ್ರೊಫ್ಯಾರಡ್ ಕೆಪಾಸಿಟರ್ 3.3 ವೋಲ್ಟ್‌ನಲ್ಲಿ ತನ್ನ ಅರ್ಧದಷ್ಟನ್ನೇ ಕಳೆದುಕೊಳ್ಳಬಹುದು. ಒಂದು ಅಳತೆ ದೊಡ್ಡದು, ಒಂದು ಮೆಟ್ಟಿಲು ಹೆಚ್ಚಿನ ವೋಲ್ಟೇಜಿನದು ಹಾಕುವುದು ಇದಕ್ಕೆ ಮದ್ದು.

ಹೊರೆ ಹಠಾತ್ತನೆ ಏರುವುದಕ್ಕೆ 2ಜಿ ಮೋಡೆಮ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ನಮ್ಮ ರೈತರು ಪಂಪ್‌ಸೆಟ್‌ಗೆ ಹಾಕಿಸಿಕೊಂಡಿರುವ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಇದ್ದದ್ದು ಇಂಥವೇ. ಪ್ರಸಾರ ಮಾಡುವಾಗ ಅದು 4.615 ಮಿಲಿಸೆಕೆಂಡಿಗೊಮ್ಮೆ, ಪ್ರತಿ ಸಲ 577 ಮೈಕ್ರೊಸೆಕೆಂಡ್ ಕಾಲ, 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ 3.3 ಸಾಲದು, 3.8 ಬೇಕು, ಅಂದರೆ ಇನ್ನೊಂದು ಕನ್ವರ್ಟರ್. ಸರಾಸರಿ ಹೊರೆ ಕಾಲು ಆಂಪಿಯರ್ ಮಾತ್ರ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಸೆಲ್ 2.8ರಲ್ಲಿದ್ದು ದಾರಿಯ ತಡೆ 0.2 ಓಮ್ ಇದ್ದರೆ, ಆ 2 ಆಂಪಿಯರ್ ಪೂರ್ತಿ ಕೊಡಲು ಸೆಲ್‌ನಿಂದ 4.4 ಆಂಪಿಯರ್ ಬೇಕಾಗುತ್ತದೆ. ಚಿಪ್‌ನ ಮಿತಿ ಮುಗಿಯಿತು. ದಾರಿ ಒಂದೇ: ಅರ್ಧವನ್ನು ಕನ್ವರ್ಟರ್ ಕೊಡಲಿ, ಅರ್ಧವನ್ನು ದೊಡ್ಡ ಕೆಪಾಸಿಟರ್ ಕೊಡಲಿ. 2200 ಮೈಕ್ರೊಫ್ಯಾರಡ್ ಹಾಕಿದರೆ ಆ 577 ಮೈಕ್ರೊಸೆಕೆಂಡಿನಲ್ಲಿ ವೋಲ್ಟೇಜ್ ಇಳಿಯುವುದು 0.26 ಮಾತ್ರ, ಮೋಡೆಮ್ ಅದನ್ನು ಸಹಿಸುತ್ತದೆ. 1000 ಹಾಕಿದರೆ 0.58 ಇಳಿಯುತ್ತದೆ, ಆಗ ಮೋಡೆಮ್ ನಡುವೆಯೇ ರೀಸೆಟ್ ಆಗುತ್ತದೆ. ಸಿಗ್ನಲ್ ದುರ್ಬಲವಾದ ಊರಲ್ಲಿ ಮಾತ್ರ ಕೆಡುವ ಉಪಕರಣಗಳ ಹಿಂದೆ ಅನೇಕ ಸಲ ಇದೇ ಕಾರಣ. ಟವರ್ ದೂರವಾದಷ್ಟೂ ಮೋಡೆಮ್ ಹೆಚ್ಚು ಬಲ ಹಾಕುತ್ತದೆ, ಹೆಚ್ಚು ಕರೆಂಟ್ ಕೇಳುತ್ತದೆ.

ಬೋರ್ಡ್ ಮೇಲೆ ಭಾಗಗಳನ್ನು ಎಲ್ಲಿ ಇಡಬೇಕು ಎಂಬ ವಿಷಯಕ್ಕೆ ಬಂದರೆ, ಬಕ್-ಬೂಸ್ಟ್ ಮಾಡುವವರ ಪಾಡು ಉಳಿದವರಿಗಿಂತ ಇಮ್ಮಡಿ. ಬರಿಯ ಬಕ್‌ನಲ್ಲಿ ಕರೆಂಟ್ ಥಟ್ಟನೆ ಹತ್ತಿ ಆರುವುದು ಒಳಬದಿಯ ಕುಣಿಕೆಯಲ್ಲಿ, ಬರಿಯ ಬೂಸ್ಟ್‌ನಲ್ಲಿ ಹೊರಬದಿಯ ಕುಣಿಕೆಯಲ್ಲಿ. ಇಲ್ಲಿ ಎರಡೂ ಬದಿಯಲ್ಲಿ. ತಾಮ್ರದ ದಾರಿ ಒಂದು ಮಿಲಿಮೀಟರ್ ಉದ್ದವಾದರೆ ಸುಮಾರು ಒಂದು ನ್ಯಾನೊಹೆನ್ರಿ ಇಂಡಕ್ಟನ್ಸ್ ಸೇರಿತು ಎಂದು ಸ್ಥೂಲವಾಗಿ ಹಿಡಿಯುತ್ತಾರೆ. ಒಂದೂವರೆ ಆಂಪಿಯರ್ ಐದು ನ್ಯಾನೊಸೆಕೆಂಡಿನಲ್ಲಿ ಹತ್ತಿ ಆರಿದರೆ ಪ್ರತಿ ನ್ಯಾನೊಹೆನ್ರಿಗೆ 0.3 ವೋಲ್ಟ್ ಚಿಮ್ಮುತ್ತದೆ. ಕೆಪಾಸಿಟರನ್ನು ಒಂದು ಸೆಂಟಿಮೀಟರ್ ದೂರ ಇಟ್ಟರೆ 3 ವೋಲ್ಟ್. ಆದ್ದರಿಂದ ಎರಡೂ ಬದಿಯ ಕೆಪಾಸಿಟರ್‌ಗಳು ಚಿಪ್‌ನ ಕಾಲುಗಳಿಗೆ ಒತ್ತಿಕೊಂಡೇ ಕೂರಬೇಕು, ಗ್ರೌಂಡ್‌ನ ತಾಮ್ರ ಚಿಪ್‌ನ ಕೆಳಗೆ ತುಂಡಾಗದೆ ಹರಡಿರಬೇಕು, ಹೊಟ್ಟೆಯಡಿಯ ಲೋಹದ ಹಾಳೆಯಿಂದ ಹಲವು ರಂಧ್ರಗಳ ಮೂಲಕ ಶಾಖ ಇಳಿಯಲು ದಾರಿ ಇರಬೇಕು. ಕಾಲೇಜಿನ ಬ್ರೆಡ್‌ಬೋರ್ಡ್ ಮೇಲೆ ಈ ಚಿಪ್ ಓಡಿಸುವ ಆಸೆ ಬಿಡುವುದೇ ಲೇಸು. ಅಲ್ಲಿ ಕಲಿಯಲು ಎಂ.ಸಿ.34063 ಎಂಬ ಹಳೆಯ ಎಂಟು ಕಾಲಿನ ಚಿಪ್ ಇದೆ. 100 ಕಿಲೋಹರ್ಟ್ಸ್ ದಾಟದ ನಿಧಾನಿ, ಇಂಡಕ್ಟರ್ ದೊಡ್ಡದು ಬೇಕು, ದಕ್ಷತೆಯೂ ಅಷ್ಟಕ್ಕಷ್ಟೇ. ಆದರೆ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಎಲ್ಲವನ್ನೂ ತೋರಿಸುತ್ತದೆ, ತಪ್ಪುಗಳನ್ನು ಮನ್ನಿಸುತ್ತದೆ.

ಮೊದಲ ಸಲ ತಂತಿ ಚುಚ್ಚಿದ ಕೂಡಲೇ ಚಿಪ್ ಸತ್ತಿತು ಎಂಬ ದೂರನ್ನೂ ಕೇಳುತ್ತೇವೆ. ಒಂದು ಮೀಟರ್ ಉದ್ದದ ತಂತಿಗೆ ಇಂಡಕ್ಟನ್ಸ್ ಇದೆ, ಒಳಬಾಗಿಲ ಸೆರಾಮಿಕ್ ಕೆಪಾಸಿಟರ್‌ಗೆ ತಡೆ ಎಂಬುದೇ ಇಲ್ಲ. 5 ವೋಲ್ಟ್ ಜೋಡಿಸಿದ ಕ್ಷಣ ಇವೆರಡೂ ಸೇರಿ ವೋಲ್ಟೇಜನ್ನು ಹತ್ತರ ಹತ್ತಿರಕ್ಕೆ ಎಗರಿಸುತ್ತವೆ. ಚಿಪ್ ಸಹಿಸುವ ಪರಮಮಿತಿ 7. ಒಂದಿಷ್ಟು ಒಳತಡೆ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಸೆರಾಮಿಕ್‌ನ ಪಕ್ಕ ಸೇರಿಸಿದರೆ ಆ ಎಗರಾಟ ಅಡಗುತ್ತದೆ. ಕೆಲವೇ ರೂಪಾಯಿಯ ಕೆಲಸ.

ಹೊರಗಿನ ವೋಲ್ಟೇಜ್ ಎಷ್ಟಿರಬೇಕು ಎಂದು ಚಿಪ್‌ಗೆ ಹೇಳುವುದು ಎರಡು ರೆಸಿಸ್ಟರ್‌ಗಳು. ಹೊರಗಿನ ವೋಲ್ಟೇಜಿನ ಒಂದು ಪಾಲನ್ನು ಅವು ಫೀಡ್‌ಬ್ಯಾಕ್ ಕಾಲಿಗೆ ಕೊಡುತ್ತವೆ, ಚಿಪ್ ಆ ಕಾಲಿನಲ್ಲಿ ಯಾವಾಗಲೂ ಅರ್ಧ ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. ಮೇಲೆ 1 ಮೆಗಾಓಮ್, ಕೆಳಗೆ 180 ಕಿಲೋಓಮ್ ಹಾಕಿದರೆ 3.28 ವೋಲ್ಟ್ ಬರುತ್ತದೆ. ಇಷ್ಟು ದೊಡ್ಡ ರೆಸಿಸ್ಟರ್ ಹಾಕುವುದು ಸೋರಿಕೆ ಉಳಿಸಲು; ಅವುಗಳಲ್ಲಿ ಹರಿಯುವುದು 3 ಮೈಕ್ರೊಆಂಪಿಯರ್‌ಗಿಂತ ಕಡಿಮೆ. ಆದರೆ ಮಂಗಳೂರಿನ ಜುಲೈ ತಿಂಗಳಲ್ಲಿ, ಆಗುಂಬೆಯ ಮಳೆಯಲ್ಲಿ ಇದೇ ತೊಡಕು. ಬೆಸುಗೆಯ ನಂತರ ಒರೆಸದೆ ಬಿಟ್ಟ ಫ್ಲಕ್ಸ್‌ನ ಪೊರೆ ತೇವ ಹೀರಿ ತಾನೂ ಒಂದು ರೆಸಿಸ್ಟರ್ ಆಗುತ್ತದೆ. ಫೀಡ್‌ಬ್ಯಾಕ್ ಕಾಲಿನಿಂದ ಗ್ರೌಂಡ್‌ಗೆ 1 ಮೆಗಾಓಮ್‌ನಷ್ಟು ಸೋರಿದರೂ ಹೊರಗಿನ ವೋಲ್ಟೇಜ್ 3.78ಕ್ಕೆ ಏರುತ್ತದೆ. ಇಎಸ್‌ಪಿ32ರಂಥ ಮೈಕ್ರೊಕಂಟ್ರೋಲರ್‌ಗಳು ಸಹಿಸುವುದು 3.6ವರೆಗೆ ಮಾತ್ರ. ಕರಾವಳಿಗೆ, ಮಲೆನಾಡಿಗೆ ಹೋಗುವ ಬೋರ್ಡ್‌ಗಳನ್ನು ತೊಳೆದು, ಒಣಗಿಸಿ, ವಾರ್ನಿಷ್ ಬಳಿಯಲೇಬೇಕು. ಸಾಧ್ಯವಾದರೆ ಎರಡೂ ರೆಸಿಸ್ಟರ್‌ಗಳನ್ನು ಒಂದೇ ಅನುಪಾತದಲ್ಲಿ ಚಿಕ್ಕದು ಮಾಡಬೇಕು, ಕೆಲವು ಮೈಕ್ರೊಆಂಪಿಯರ್ ಹೆಚ್ಚು ಹೋದರೆ ಹೋಗಲಿ.

ಪೆಟ್ಟಿಗೆ ಬಹುಹೊತ್ತು ನಿದ್ರಿಸಿ ಆಗೊಮ್ಮೆ ಎಚ್ಚರಾಗುವಂಥದ್ದಾದರೆ ಪವರ್ ಸೇವ್ ಕಾಲನ್ನು ಗ್ರೌಂಡ್ ಮಟ್ಟಕ್ಕೆ ಇಳಿಸಿಡಿ. ಆಗ ಹಗುರ ಹೊರೆಯಲ್ಲಿ ಚಿಪ್ ಬಿಟ್ಟುಬಿಟ್ಟು ಕೆಲಸ ಮಾಡುತ್ತದೆ, ತನಗೆಂದು 50 ಮೈಕ್ರೊಆಂಪಿಯರ್‌ಗಿಂತ ಕಡಿಮೆ ತೆಗೆದುಕೊಳ್ಳುತ್ತದೆ. ಅದರ ಬೆಲೆ, ಹೊರಗಿನ ವೋಲ್ಟೇಜಿನಲ್ಲಿ ತುಸು ಹೆಚ್ಚಿನ ಅಲೆ. ಸೂಕ್ಷ್ಮ ಅಳತೆ ತೆಗೆಯುವ ಕ್ಷಣಕ್ಕೆ ಮಾತ್ರ ಮೈಕ್ರೊಕಂಟ್ರೋಲರ್ ಆ ಕಾಲನ್ನು ಎತ್ತಿ ಹಿಡಿದು, ಅಳತೆ ಮುಗಿದ ಮೇಲೆ ಇಳಿಸಿದರೆ ಎರಡೂ ಸಿಗುತ್ತವೆ.

ಕೊನೆಯದು, ಎಲ್ಲಿ ನಿಲ್ಲಿಸಬೇಕು ಎಂಬುದು. ಈ ಚಿಪ್ 1.8 ವೋಲ್ಟ್‌ವರೆಗೆ ಎಳೆಯಬಲ್ಲದು; ಅದು ಚಿಪ್‌ಗೆ ಹೆಮ್ಮೆ, ಸೆಲ್‌ಗೆ ಸಾವು. 2.5ಕ್ಕಿಂತ ಕೆಳಗೆ ಹಿಂಡಿದ ಲಿಥಿಯಂ ಸೆಲ್ ಒಳಗೊಳಗೇ ಹಾಳಾಗುತ್ತದೆ. ಆದ್ದರಿಂದ ನಿಲ್ಲಿಸುವ ವೋಲ್ಟೇಜನ್ನು ನಾವೇ ಗೊತ್ತುಮಾಡಿ, ವೋಲ್ಟೇಜ್ ಹೋಲಿಸಿ ನೋಡುವ ಒಂದು ಕಂಪ್ಯಾರೇಟರ್ ಮೂಲಕ, ಚಿಪ್ಪನ್ನು ಓಡಿಸಿ ನಿಲ್ಲಿಸುವ ಎನೇಬಲ್ ಕಾಲನ್ನು ಆಳಬೇಕು. ಒಳ್ಳೆಯದೆಂದರೆ, ನಿಲ್ಲಿಸಿದಾಗ ಈ ಚಿಪ್ ಹೊರೆಯನ್ನು ಸೆಲ್‌ನಿಂದ ಪೂರ್ತಿ ಬೇರ್ಪಡಿಸುತ್ತದೆ. ಡಯೋಡ್ ಇರುವ ಸಾದಾ ಬೂಸ್ಟ್ ಸರ್ಕ್ಯೂಟ್‌ನಲ್ಲಿ ನಿಲ್ಲಿಸಿದ ಮೇಲೂ ಸೆಲ್ ಡಯೋಡ್ ದಾರಿಯಾಗಿ ಸೋರುತ್ತಲೇ ಇರುತ್ತದೆ. ಇನ್ನೊಂದು ಎಚ್ಚರ: ಹೊರೆ ಕಳಚಿದ ಕೂಡಲೇ ಸೆಲ್ ಉಸಿರೆಳೆದುಕೊಂಡು ವೋಲ್ಟೇಜ್ ಮೇಲೇರುತ್ತದೆ. ನಿಲ್ಲಿಸುವುದೂ ಮತ್ತೆ ಹೊರಡಿಸುವುದೂ ಒಂದೇ ವೋಲ್ಟೇಜಿನಲ್ಲಿದ್ದರೆ ಪೆಟ್ಟಿಗೆ ರಾತ್ರಿಯಿಡೀ ಹತ್ತಿ ಆರುತ್ತ ಸೆಲ್‌ನ ಕೊನೆಯ ಹನಿಯನ್ನೂ ಕುಡಿಯುತ್ತದೆ. 2.8ರಲ್ಲಿ ನಿಲ್ಲಿಸಿ, 3.2 ದಾಟಿದ ಮೇಲಷ್ಟೇ ಹೊರಡಿಸಿ.

2.8 ಎಂಬ ಅಂಕಿಯನ್ನು ಸುಮ್ಮನೆ ಹೇಳಲಿಲ್ಲ. ಐರನ್ ಫಾಸ್ಫೇಟ್ ಸೆಲ್ ಅಷ್ಟಕ್ಕೆ ಇಳಿಯುವ ಹೊತ್ತಿಗೆ ಆ ಕಡಿದಾದ ಕುಸಿತದಲ್ಲಿರುತ್ತದೆ, ಅದರಾಚೆ ಉಳಿದಿರುವ ಶಕ್ತಿ ಅತ್ಯಲ್ಪ. ಆ ಅತ್ಯಲ್ಪವನ್ನು ಬಿಟ್ಟುಕೊಟ್ಟರೆ ಸಿಗುವ ಲಾಭ ನೋಡಿ. 2.5ರಲ್ಲಿ ನಮ್ಮ ಸರ್ಕ್ಯೂಟನ್ನು ಕೊಂದ 0.4 ಓಮ್‌ನ ದಾರಿ, 2.8ರಲ್ಲಿ ಚಿಪ್‌ನ ಬಾಗಿಲಿಗೆ 2.1 ವೋಲ್ಟ್ ತಲುಪಿಸುತ್ತದೆ. ಕರೆಂಟ್ 1.75 ಆಂಪಿಯರ್, ಸರ್ಕ್ಯೂಟ್ ನಿಲ್ಲದೆ ಓಡುತ್ತದೆ. ಚಿಪ್ ಬದಲಿಸದೆ, ಇಂಡಕ್ಟರ್ ಬದಲಿಸದೆ, ಕಂಪ್ಯಾರೇಟರ್‌ನ ಒಂದು ರೆಸಿಸ್ಟರ್‌ನ ಮೌಲ್ಯ ಬದಲಿಸಿ ಪಡೆದ ಆಯುಷ್ಯ ಇದು. ಆದರೆ ಕಂಪ್ಯಾರೇಟರ್ ಅಳೆಯಬೇಕಾದದ್ದು ಸೆಲ್‌ನ ತುದಿಯಲ್ಲಿ, ಅದಕ್ಕೆಂದೇ ಎಳೆದ ಬೇರೆ ತಂತಿಯಿಂದ. ಚಿಪ್‌ನ ಬಾಗಿಲಲ್ಲಿ ಅಳೆದರೆ ದಾರಿಯಲ್ಲಿ ಕಳೆದದ್ದನ್ನೂ ಸೆಲ್‌ನ ಬಡತನ ಎಂದು ಎಣಿಸಿ ಬೇಗನೇ ನಿಲ್ಲಿಸಿಬಿಡುತ್ತದೆ.

ಬೋರ್ಡ್ ಕೈಗೆ ಬಂದಾಗ ಪರೀಕ್ಷೆಯೂ ಹೀಗೇ ನಡೆಯಲಿ. ಬೆಂಚ್ ಸಪ್ಲೈಯ ಕರೆಂಟ್ ಮಿತಿಯನ್ನು 4 ಆಂಪಿಯರ್‌ಗೆ ಎತ್ತಿ. ವೋಲ್ಟೇಜ್ 2.8ಕ್ಕೆ ಇಳಿಸಿ. ಸಪ್ಲೈ ಮತ್ತು ಬೋರ್ಡ್ ನಡುವೆ 0.4 ಓಮ್‌ನ ದಪ್ಪ ರೆಸಿಸ್ಟರ್ ಬೇಕೆಂದೇ ಸೇರಿಸಿ. ಅಲ್ಲಿ ಮಲ್ಟಿಮೀಟರ್‌ನ ಕರೆಂಟ್ ಅಳತೆಯನ್ನು ನಡುವೆ ಹಾಕಬೇಡಿ, ಅದರ ಒಳತಡೆ ಲೆಕ್ಕ ಕೆಡಿಸುತ್ತದೆ, 0.4 ಓಮ್‌ನ ಎರಡು ತುದಿಯ ವೋಲ್ಟೇಜ್ ಅಳೆದರೆ ಕರೆಂಟ್ ತಾನೇ ತಿಳಿಯುತ್ತದೆ. ಹೊರಗೆ 1 ಆಂಪಿಯರ್ ಹೊರೆ ಮೊದಲೇ ಜೋಡಿಸಿರಲಿ. ಆಸಿಲೋಸ್ಕೋಪ್‌ನ ಉದ್ದ ಗ್ರೌಂಡ್ ತಂತಿ ಕಳಚಿ, ಪ್ರೋಬ್‌ನ ತುದಿಗೆ ಪುಟ್ಟ ಸ್ಪ್ರಿಂಗ್ ಸಿಕ್ಕಿಸಿ, ಹೊರಗಿನ ಕೆಪಾಸಿಟರ್‌ನ ಮೇಲೆಯೇ ಇಡಿ. ಆಮೇಲೆ ಎನೇಬಲ್ ಕೊಡಿ. ಚಿಪ್ ಮೊದಲು ತನ್ನ ಕರೆಂಟ್ ಮಿತಿಯನ್ನು ತಗ್ಗಿಸಿಕೊಂಡು ನಿಧಾನವಾಗಿ ಏರುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ, ಹೊರಗಿನ ವೋಲ್ಟೇಜ್ ಸರಿಯಾಯಿತೆಂದು ಸಾರುವ ಪವರ್ ಗುಡ್ ಕಾಲು ಎದ್ದ ಮೇಲಷ್ಟೇ ಮೈಕ್ರೊಕಂಟ್ರೋಲರ್ ರೀಸೆಟ್‌ನಿಂದ ಹೊರಬರುವಂತೆ ಕಟ್ಟಿದ್ದರೆ, ಮೇಲೇರುವ ಹೊತ್ತಿನಲ್ಲಿ ಹೊರೆ ಹಗುರವಾಗಿರುತ್ತದೆ. ಪರೀಕ್ಷೆಯ ಈ ಕಠಿಣ ಸ್ಥಿತಿಯಲ್ಲಿ ಹತ್ತು ಸಲ ಹತ್ತಿಸಿ ಆರಿಸಿ, ಹತ್ತೂ ಸಲ 3.3ಕ್ಕೆ ತಲುಪಿದರೆ ಇಂಡಕ್ಟರ್‌ನ ಮತ್ತು ಚಿಪ್‌ನ ಬಿಸಿ ನೋಡಿ. ಆಮೇಲೆ ಸಪ್ಲೈಯನ್ನು 3.3ಕ್ಕೆ ಏರಿಸಿ, ಆ ನಡುಗಡ್ಡೆಯ ಅಲೆಯನ್ನು ಅಳೆದು ಬರೆದುಕೊಳ್ಳಿ. ತುಂಬಿದ ಸೆಲ್‌ನ 3.65 ಕೊನೆಗೆ ಬರಲಿ.